ಒಟ್ಲು ಬಿಡದೆ ನಾಟಿ

ನಮ್ಮ ಅಕ್ಕನ ಮನೆಯ ನಡುಮನೆಯ ಗೋಡೆಯ ಮೇಲೆ ದೇವರ ಪಟಗಳ ಪಕ್ಕದಲ್ಲಿ ಒಂದು ಫೋಟೊ ಇದೆ. ಹಸಿರು ಹುಲ್ಲಿನ ಮೈದಾನ, ಹಿಂದೆ ಖಾಲಿ ಗ್ಯಾಲರಿ, ಮುಂದೆ ಒಂದೇ ಬಣ್ಣದ ಜೆರ್ಸಿ ತೊಟ್ಟು ಸಾಲಾಗಿ ನಿಂತ ಹುಡುಗರು. ಎಡಗಡೆಯಿಂದ ಮೂರನೆಯವನು ನನ್ನ ಸೋದರಳಿಯ. ತೆಗೆದದ್ದು ಸ್ಪೇನಿನಲ್ಲಿ. ಆ ಒಂದು ಫೋಟೊಕ್ಕಾಗಿ ನಮ್ಮ ಭಾವ ನಾಲೆ ಬಯಲಿನ ಗದ್ದೆಯನ್ನು ಭೋಗ್ಯಕ್ಕೆ ಹಾಕಿದರು.

ಊರು ಬಿಳಿಗೆರೆ. ನಂಜನಗೂಡು ತಾಲ್ಲೂಕಿನ ಹೋಬಳಿ. ಅತ್ತ ಕಪಿಲೆ, ಇತ್ತ ತಿ. ನರಸೀಪುರದ ಸೀಮೆ. ಇಲ್ಲಿ ಹುಟ್ಟಿದ ಹುಡುಗನಿಗೆ ಫುಟ್ಬಾಲ್ ಹುಚ್ಚು ಹಿಡಿಯಲು ಈಗ ಕಾರಣ ಬೇಕಿಲ್ಲ, ಕೈಯಲ್ಲೊಂದು ಮೊಬೈಲ್ ಇದ್ದರೆ ಸಾಕು. ನನ್ನ ಅಳಿಯ ಚಿಕ್ಕವನಿದ್ದಾಗ ಖೋ ಖೋದಲ್ಲಿ ಗಾಳಿಯಂತೆ ಓಡುತ್ತಿದ್ದ. ಕಂಬ ಸುತ್ತಿ ತಿರುಗುವಾಗ ಅವನ ಮೈ ಬಳ್ಳಿಯ ಹಾಗೆ ಬಾಗುತ್ತಿತ್ತು. ಹದಿಮೂರಕ್ಕೆ ಅವನನ್ನು ಬೆಂಗಳೂರಿನ ಒಂದು ಫುಟ್ಬಾಲ್ ಅಕಾಡೆಮಿಗೆ ಸೇರಿಸಿದರು. ಫೀಸು, ಹಾಸ್ಟೆಲು, ಬೂಟು ಎಂದು ವರ್ಷ ವರ್ಷವೂ ದುಡ್ಡು ಹೋಯಿತು. ಹದಿನಾರಕ್ಕೆ ಒಬ್ಬ ಏಜೆಂಟ್ ಬಂದು, ಸ್ಪೇನಿನಲ್ಲಿ ಹದಿನೈದು ದಿನದ ತರಬೇತಿ, ದೊಡ್ಡ ಕ್ಲಬ್ಬಿನವರು ನೋಡುತ್ತಾರೆ, ಹಣೆಬರಹ ಚೆನ್ನಾಗಿದ್ದರೆ ಅಲ್ಲೇ ಉಳಿಯಬಹುದು ಎಂದ. ಗದ್ದೆ ಭೋಗ್ಯಕ್ಕೆ ಹೋದದ್ದು ಆಗ.

ಹುಡುಗ ಹೋದ, ಬಂದ. ಏನಾಯ್ತೋ ಎಂದು ಕೇಳಿದೆ. "ಆಡಿಸ್ನೇ ಇಲ್ಲ ಮಾವ. ನಿಂತ್ಕೊ ಅಂದ್ರು, ನಿಂತ್ಕೊಂಡೆ. ಫೋಟೊ ತೆಗುದ್ರು" ಅಂದ.

ಈಗ ಅವನಿಗೆ ಇಪ್ಪತ್ತೊಂದು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸ, ವಾರಕ್ಕೊಂದು ಪಾಳಿ. ಓದು ಪಿಯುಸಿಗೆ ನಿಂತಿತು. ಆಟ ಅದಕ್ಕೂ ಮೊದಲೇ ನಿಂತಿತ್ತು.

ನಮ್ಮ ಮನೆಯ ಈ ಕಥೆಯನ್ನು ಬರೆಯಲು ನನಗೆ ಸಂಕೋಚವಿದೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಹೋದ ತಿಂಗಳು ನನ್ನ ಕಾಲೇಜಿನಲ್ಲಿ ಬಿ.ಎ. ಓದುವ ಹುಡುಗನೊಬ್ಬ ಕೇಳಿದ: "ಸಾರ್, ಅಮೆರಿಕದೋರೇ ಅವರ ಹುಡುಗರನ್ನ ಯೂರೋಪಿಗೆ ಕಳಿಸಿ ಬೆಳೆಸ್ತಾರಂತೆ. ಅಷ್ಟು ದುಡ್ಡಿರೋ ದೇಶವೇ ಕಳಿಸೋವಾಗ ನಾವ್ಯಾಕೆ ಕಳಿಸಬಾರದು? ಇಲ್ಲೇ ಇದ್ದು ಇಂಡಿಯಾ ಯಾವತ್ತಾದ್ರೂ ವರ್ಲ್ಡ್ ಕಪ್ ಆಡುತ್ತಾ?"

ಒಳ್ಳೆಯ ಪ್ರಶ್ನೆ. ಟೀವಿ ಚರ್ಚೆಗಳಲ್ಲಿ, ಚಹಾದಂಗಡಿಗಳಲ್ಲಿ, ಅಕಾಡೆಮಿಗಳ ಬಣ್ಣದ ಬ್ರೋಷರುಗಳಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಸಿದ್ಧವಾಗಿರುತ್ತದೆ: ಹೊರಗೆ ಕಳಿಸಿ. ಆ ಉತ್ತರ ತಪ್ಪು ಎಂಬುದು ನನ್ನ ವಾದ. ಅಮೆರಿಕದ ಉದಾಹರಣೆಯೇ ಅದು ತಪ್ಪು ಎಂದು ಹೇಳುತ್ತದೆ.

ಮೊದಲು ಅಮೆರಿಕದ ಕಥೆ. 2017ರ ಅಕ್ಟೋಬರ್ 10ರಂದು ಟ್ರಿನಿಡಾಡ್‌ನ ಕೂವ ಎಂಬ ಊರಿನಲ್ಲಿ ಅಮೆರಿಕ ತಂಡ 2-1ರಿಂದ ಸೋತು 2018ರ ವಿಶ್ವಕಪ್‌ನಿಂದ ಹೊರಗುಳಿಯಿತು. ಆ ದಿನ ಅಮೆರಿಕದ ಪರ ಗೋಲು ಹೊಡೆದವನು ಕ್ರಿಶ್ಚಿಯನ್ ಪುಲಿಸಿಕ್. ಹದಿನಾರಕ್ಕೇ ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್ಬಿಗೆ ಹೋಗಿದ್ದ ಹುಡುಗ. ಸೋತ ಅಮೆರಿಕ ಅವನನ್ನು ನೋಡಿ ಒಂದು ಪಾಠ ಕಲಿತೆ ಎಂದುಕೊಂಡಿತು: ನಮ್ಮಲ್ಲಿ ಆಗುವುದಿಲ್ಲ, ಯೂರೋಪಿಗೆ ಕಳಿಸಬೇಕು. ಆಮೇಲಿನ ವರ್ಷಗಳಲ್ಲಿ ಜರ್ಮನಿ, ಇಂಗ್ಲೆಂಡ್, ಇಟಲಿ, ಸ್ಪೇನ್‌ಗಳ ಕ್ಲಬ್ಬುಗಳಲ್ಲಿ ಅಮೆರಿಕದ ಹುಡುಗರು ತುಂಬಿದರು. ಅದರಿಂದ ಪ್ರಯೋಜನವೇ ಆಗಲಿಲ್ಲ ಎನ್ನಲಾರೆ. 2022ರಲ್ಲಿ ಕತಾರಿಗೆ ಹೋದರು, ಹದಿನಾರರ ಘಟ್ಟ ಮುಟ್ಟಿದರು, ಅಲ್ಲಿ ನೆದರ್ಲೆಂಡ್ಸ್‌ಗೆ 3-1ರಿಂದ ಸೋತರು. 2024ರಲ್ಲಿ ಕೋಪಾ ಅಮೆರಿಕ ಟೂರ್ನಿ ಅವರ ನೆಲದಲ್ಲೇ ನಡೆಯಿತು. ತಂಡದಲ್ಲಿ ಬಹುಪಾಲು ಯೂರೋಪಿನಲ್ಲಿ ಆಡುವವರು, ನೋಡುವ ಜನ ತಮ್ಮವರು. ಪನಾಮಾಕ್ಕೆ ಸೋತರು, ಉರುಗ್ವೆಗೆ ಸೋತರು, ಗುಂಪು ಹಂತದಲ್ಲೇ ಮನೆಗೆ ಹೋದರು. ತರಬೇತುದಾರನ ಕೆಲಸವೂ ಹೋಯಿತು.

ಹೊರಗೆ ಕಳಿಸುವುದೇ ಮದ್ದಾಗಿದ್ದರೆ ಇಷ್ಟು ಮದ್ದು ಕುಡಿದ ತಂಡಕ್ಕೆ ಇಷ್ಟರಲ್ಲಿ ಕಾಯಿಲೆ ವಾಸಿಯಾಗಬೇಕಿತ್ತು.

ಪುಲಿಸಿಕ್‌ನ ವಿಚಾರವನ್ನೇ ಇನ್ನೂ ಸ್ವಲ್ಪ ಬಿಡಿಸಿ ನೋಡೋಣ. ಅವನು ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಸಣ್ಣ ಊರಿನವನು. ಅಪ್ಪ ಅಮ್ಮ ಇಬ್ಬರೂ ಕಾಲೇಜು ತಂಡದಲ್ಲಿ ಫುಟ್ಬಾಲ್ ಆಡಿದವರು. ಅಂದರೆ ಮನೆಯಲ್ಲೇ ಇಬ್ಬರು ಮೇಷ್ಟ್ರು. ಏಳು ವರ್ಷದವನಿದ್ದಾಗ ಅಮ್ಮನ ಕೆಲಸದ ನಿಮಿತ್ತ ಒಂದು ವರ್ಷ ಇಂಗ್ಲೆಂಡಿನಲ್ಲಿದ್ದ. ಅಲ್ಲಿಯ ಹುಡುಗರ ಜೊತೆ ಬೀದಿಯಲ್ಲಿ, ಶಾಲೆಯಲ್ಲಿ ಆಡಿದ. ಮತ್ತೆ ಊರಿಗೆ ಬಂದು ಊರಿನ ಕ್ಲಬ್ಬಿನಲ್ಲಿ ಬೆಳೆದ. ಡಾರ್ಟ್‌ಮುಂಡ್ ಅವನನ್ನು ಕರೆದುಕೊಂಡಾಗ ಅವನು ಆಗಲೇ ಆಟಗಾರನಾಗಿದ್ದ. ಹದಿನಾರಕ್ಕೇ ಅವನು ಹೋಗಲು ಸಾಧ್ಯವಾದದ್ದಾದರೂ ಹೇಗೆ? ಅಜ್ಜ ಕ್ರೊಯೇಷಿಯಾದವರು, ಆ ದಾರಿಯಿಂದ ಅವನಿಗೆ ಯೂರೋಪಿನ ಪಾಸ್‌ಪೋರ್ಟ್ ಸಿಕ್ಕಿತು.

ನಮ್ಮ ಅಪ್ಪ ಅಮ್ಮಂದಿರಿಗೆ ಯಾವ ಏಜೆಂಟೂ ಹೇಳದ ಮಾತು ಇಲ್ಲಿದೆ. ಹದಿನೆಂಟು ತುಂಬದ ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗಿ ನೋಂದಾಯಿಸಿಕೊಳ್ಳುವುದನ್ನು ಫಿಫಾ ನಿಯಮ ತಡೆಯುತ್ತದೆ. ಕೆಲವೇ ವಿನಾಯಿತಿಗಳಿವೆ: ಯೂರೋಪಿನ ಒಕ್ಕೂಟದೊಳಗೇ ಹದಿನಾರು ದಾಟಿದವರು ಓಡಾಡಬಹುದು, ಅಪ್ಪ ಅಮ್ಮ ಫುಟ್ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ವಲಸೆ ಹೋಗಿದ್ದರೆ ಮಗುವೂ ಆಡಬಹುದು, ಇಂಥವು. ಈ ನಿಯಮ ಮುರಿದದ್ದಕ್ಕೆ 2014ರಲ್ಲಿ ಬಾರ್ಸಿಲೋನಾದಂಥ ಬಾರ್ಸಿಲೋನಾ ಕ್ಲಬ್ಬಿಗೇ ಹೊಸ ಆಟಗಾರರನ್ನು ಕೊಳ್ಳದಂತೆ ಶಿಕ್ಷೆಯಾಯಿತು. ಮಕ್ಕಳನ್ನು ದೂರದ ದೇಶಗಳಿಂದ ತಂದು, ಬೇಡವಾದಾಗ ಬೀದಿಗೆ ಬಿಡುವುದನ್ನು ತಡೆಯಲೆಂದೇ ಮಾಡಿದ ನಿಯಮ ಇದು. ಅಂದಮೇಲೆ ಬಿಳಿಗೆರೆಯ ಹದಿನಾರು ವರ್ಷದ ರೈತನ ಮಗ ಸ್ಪೇನಿಗೆ ಹೋದರೆ ಅಲ್ಲಿಯ ಕ್ಲಬ್ ಅವನನ್ನು ಮೆಚ್ಚಿದರೂ ಇಟ್ಟುಕೊಳ್ಳುವ ಹಾಗಿರಲಿಲ್ಲ. ನಮ್ಮ ಭಾವ ಗದ್ದೆ ಒತ್ತೆಯಿಟ್ಟದ್ದು ಮೊದಲೇ ಮುಚ್ಚಿದ ಬಾಗಿಲಿಗೆ. ಏಜೆಂಟನಿಗೆ ಅದು ಗೊತ್ತಿತ್ತೋ ಇಲ್ಲವೋ, ಎರಡರಲ್ಲಿ ಯಾವುದಾದರೂ ಅಪರಾಧವೇ.

ಈ ಮಾತನ್ನೆಲ್ಲ ನಾನು ಭಾವನಿಗೆ ವಿವರಿಸಿದೆ. ಅವರು ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೇಳಿ ಕೊನೆಗೆ ಒಂದೇ ಮಾತು ಹೇಳಿದರು: "ಒಟ್ಲೇ ಬುಡ್ದೆ ನಾಟಿಗೆ ಹೊಂಟಂಗಾಯ್ತು ಕಣಪ್ಪ ನಮ್ ಕತೆ."

ಪಟ್ಟಣದ ಓದುಗರಿಗೆ ಹೇಳಬೇಕು: ಒಟ್ಲು ಎಂದರೆ ಸಸಿಮಡಿ. ಭತ್ತವನ್ನು ನೇರ ಗದ್ದೆಗೆ ಎರಚುವುದಿಲ್ಲ. ಮೊದಲು ಒಂದು ಮೂಲೆಯಲ್ಲಿ ಮಡಿ ಮಾಡಿ, ಗೊಬ್ಬರ ಹಾಕಿ, ಮೊಳಕೆ ಬಂದ ಬೀಜ ಚೆಲ್ಲಿ, ನೀರು ಕಟ್ಟಿ ಬಿಟ್ಟು ಸಾಕುತ್ತಾರೆ. ಪೈರು ಹದಕ್ಕೆ ಬಂದ ಮೇಲೆ ಕಿತ್ತು ದೊಡ್ಡ ಗದ್ದೆಯಲ್ಲಿ ನೆಡುತ್ತಾರೆ. ಪೈರಿಗೆ ನಾಟಿ ಬೇಕೇ ಬೇಕು, ಒಟ್ಲಲ್ಲೇ ಬಿಟ್ಟರೆ ಅದು ತೆನೆ ಕಟ್ಟುವುದಿಲ್ಲ. ಆದರೆ ಎಳೆಯದನ್ನು ಕಿತ್ತರೆ ಕೊಳೆಯುತ್ತದೆ. ಒಟ್ಲನ್ನೇ ಬಿಡದವನಿಗಂತೂ ನಾಟಿಯ ಮಾತೇ ಇಲ್ಲ. ಆಟದ ಬಗ್ಗೆ ನಾನು ಓದಿದ ಪಂಡಿತರ ಬರಹಗಳಲ್ಲಿ ಇಷ್ಟು ಸರಿಯಾದ ಮಾತು ಸಿಕ್ಕಿರಲಿಲ್ಲ.

ಐಸ್‌ಲೆಂಡ್ ಈ ಮಾತಿಗೆ ಸಾಕ್ಷಿ. ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು ಜನಸಂಖ್ಯೆಯ ದೇಶ. 2016ರ ಯೂರೋ ಕಪ್‌ನಲ್ಲಿ ಇಂಗ್ಲೆಂಡನ್ನು 2-1ರಿಂದ ಸೋಲಿಸಿತು. 2018ರಲ್ಲಿ ವಿಶ್ವಕಪ್ ಆಡಿತು. ಅಲ್ಲಿಯವರೆಗೆ ಪುರುಷರ ವಿಶ್ವಕಪ್ ಆಡಿದ ದೇಶಗಳಲ್ಲೇ ಜನಸಂಖ್ಯೆಯಲ್ಲಿ ಅತಿ ಚಿಕ್ಕದು. ಆ ತಂಡದ ಹೆಚ್ಚುಕಡಿಮೆ ಎಲ್ಲರೂ ಹೊರದೇಶದ ಕ್ಲಬ್ಬುಗಳಲ್ಲಿ ಆಡುತ್ತಿದ್ದವರೇ. ನೋಡಿ, ಹೊರಗೆ ಹೋದದ್ದಕ್ಕೇ ಗೆದ್ದರು ಎನ್ನುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಹೊರಗೆ ಹೋಗುವ ಮುಂಚೆ ಏನಿತ್ತು ಎಂದು ಕೇಳುವುದಿಲ್ಲ. ಚಳಿಗಾಲದ ಕತ್ತಲಲ್ಲೂ ಮಕ್ಕಳು ಆಡಲೆಂದು ಆ ದೇಶ ಊರೂರಿಗೆ ಸೂರಿರುವ ಮೈದಾನ ಕಟ್ಟಿತು. ಆರು ವರ್ಷದ ಮಕ್ಕಳಿಗೂ ತರಬೇತಿ ಪಡೆದ, ಸಂಬಳ ಪಡೆಯುವ ಕೋಚ್‌ಗಳನ್ನು ಕೊಟ್ಟಿತು. ಮೊದಲು ಒಟ್ಲು, ಆಮೇಲೆ ನಾಟಿ.

ನಮ್ಮಲ್ಲಿ? ಭಾರತ ತಂಡ 2025ರ ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರಕ್ಕೆ 2-1ರಿಂದ ಸೋತು 2027ರ ಏಷ್ಯನ್ ಕಪ್‌ನ ಆಸೆ ಕಳೆದುಕೊಂಡಿತು. ಮರುತಿಂಗಳು ಢಾಕಾದಲ್ಲಿ ಬಾಂಗ್ಲಾದೇಶಕ್ಕೆ ಸೋತಿತು. ಆಗ ಎಲ್ಲೆಲ್ಲೂ ಕೇಳಿಬಂದ ಮಾತು ಎರಡು: ಹುಡುಗರನ್ನು ಹೊರಗೆ ಕಳಿಸಿ, ಹೊರಗಿರುವ ಭಾರತೀಯ ಮೂಲದವರನ್ನು ಕರೆತನ್ನಿ. ಬೆಂಗಳೂರು ಎಫ್‌ಸಿಯಲ್ಲಿ ಆಡುವ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪೌರತ್ವ ಪಡೆದರು. ಅವರಮ್ಮನ ಕಡೆಯವರು ಮುಂಬಯಿಯವರು. ಅವರ ಪ್ರೀತಿಯನ್ನು ಸಂದೇಹಿಸುವವನು ನಾನಲ್ಲ. ನಮ್ಮ ದೇಶಕ್ಕಾಗಿ ಪಾಸ್‌ಪೋರ್ಟ್ ಬಿಟ್ಟುಕೊಟ್ಟವರಿಗೆ ಸ್ವಾಗತ. ಆದರೆ ನೂರನಲವತ್ತು ಕೋಟಿ ಜನರ ದೇಶ ಹನ್ನೊಂದು ಜನರಿಗಾಗಿ ವಿದೇಶದಲ್ಲಿ ಅಜ್ಜಿ ಅಜ್ಜಂದಿರ ಹುಟ್ಟೂರು ಹುಡುಕುವುದನ್ನು 'ಯೋಜನೆ' ಎಂದು ಕರೆದಾಗ ನನಗೆ ನಗು ಬರುತ್ತದೆ, ಅದರ ಹಿಂದೆಯೇ ಸಿಟ್ಟೂ ಬರುತ್ತದೆ.

ನಮ್ಮಲ್ಲಿ ಒಟ್ಲು ಇರಲೇ ಇಲ್ಲವೇ? ಇತ್ತು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿಗೆ 2-1ರಿಂದ ಸೋತಿತು. ಎರಡು ಪೆನಾಲ್ಟಿ ಕಳೆದುಕೊಂಡ ಸೋಲು ಅದು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ ಆ ದಿನ ಭಾರತದ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಆಮೇಲೆ ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚ ಪಾಂಡವ'ರಲ್ಲಿ ಒಬ್ಬರೆಂದು ಹೆಸರಾದರು. ಆ ಕಾಲಕ್ಕೆ 'ಹೊರಗೆ' ಎಂದರೆ ಕಲ್ಕತ್ತಾ. ಅವರೂ ಊರು ಬಿಟ್ಟು ಹೋದವರೇ. ಆದರೆ ಅವರು ಬೆಂಗಳೂರಿನ ಬಯಲುಗಳಲ್ಲಿ ಬೆಳೆದು, ಹದಗೊಂಡು ಹೋದರು. ಮೈಸೂರು ಸಂಸ್ಥಾನದ ತಂಡ 1946-47ರಲ್ಲೇ ಸಂತೋಷ್ ಟ್ರೋಫಿ ಗೆದ್ದಿತ್ತು. 1968-69ರವರೆಗೆ ಒಟ್ಟು ನಾಲ್ಕು ಸಲ ಗೆದ್ದಿತು. ಆಮೇಲೆ? ಐದನೆಯ ಸಲ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ನಡುವೆ ಐವತ್ತನಾಲ್ಕು ವರ್ಷ. ಆ ಫೈನಲ್ ನಡೆದದ್ದು ಎಲ್ಲಿ ಗೊತ್ತೇ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ನಮ್ಮ ದೇಶದ ರಾಜ್ಯಗಳ ಪಂದ್ಯವೂ ವಿದೇಶದಲ್ಲಿ ನಡೆದರೇ ಅದಕ್ಕೊಂದು ಮರ್ಯಾದೆ ಎಂದು ನಂಬಿದವರು ನಾವು.

ಆ ಐವತ್ತನಾಲ್ಕು ವರ್ಷದಲ್ಲಿ ಏನಾಯಿತು ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಡ. ನಿಮ್ಮ ನಿಮ್ಮ ಊರಿನ ಬಯಲು ಎಲ್ಲಿ ಹೋಯಿತು ಎಂದು ಕೇಳಿಕೊಳ್ಳಿ. ನಾನು ಓದಿದ ಶಾಲೆಯ ಮೈದಾನದಲ್ಲಿ ಮೊದಲು ಒಂದು ನೀರಿನ ಟ್ಯಾಂಕ್ ಎದ್ದಿತು, ಆಮೇಲೆ ಒಂದು ಕೊಠಡಿ, ಆಮೇಲೆ ಕಾಂಪೌಂಡು ಒಳಕ್ಕೆ ಸರಿಯಿತು. ಉಳಿದ ಜಾಗದಲ್ಲಿ ವರ್ಷಕ್ಕೆರಡು ಸಲ ಶಾಮಿಯಾನ. ಪಿ.ಟಿ. ಮೇಷ್ಟ್ರು ನಿವೃತ್ತರಾದರು, ಅವರ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟರು. ಮಕ್ಕಳು ಗಣಿತದಲ್ಲೂ ಮುಂದೆ ಬರಲಿಲ್ಲ, ಅದು ಬೇರೆ ಮಾತು.

ಹಾಗಾದರೆ ಹಳ್ಳಿಯ ಬಯಲಿನಿಂದ ಏನಾಗುತ್ತದೆ, ಅದೆಲ್ಲ ಹಳೆಯ ಕಾಲದ ಕನಸು ಎನ್ನುವವರಿಗೆ ನನ್ನ ಉತ್ತರ ಪಕ್ಕದ ತಾಲ್ಲೂಕಿನಲ್ಲೇ ಇದೆ. ತಿ. ನರಸೀಪುರ ತಾಲ್ಲೂಕಿನ ಕುರುಬೂರು. ಖೋ ಖೋದ ಊರೆಂದೇ ಹೆಸರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. 19ನೇ ತಾರೀಖು ಫೈನಲ್‌ನಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಎನಿಸಿದ್ದು ಕುರುಬೂರಿನ ಬಿ. ಚೈತ್ರಾ. ಅದೇ ದಿನ ಗೆದ್ದ ಗಂಡುಮಕ್ಕಳ ತಂಡದಲ್ಲಿ ಮಂಡ್ಯದ ಎಂ.ಕೆ. ಗೌತಮ್ ಇದ್ದರು. ಈ ಹುಡುಗಿಯನ್ನು ವಿಶ್ವಕಪ್‌ವರೆಗೆ ಓಡಿಸಿದ್ದು ಸ್ಪೇನಿನ ಹುಲ್ಲಲ್ಲ, ನಮ್ಮ ಸೀಮೆಯ ಮಣ್ಣು. ಎರಡು ಕಂಬ, ಸುಣ್ಣದ ಗೆರೆ, ಬೆಳಿಗ್ಗೆ ಸಂಜೆ ತಪ್ಪದೆ ನಿಲ್ಲುವ ಒಬ್ಬ ಕೋಚ್, ಹೆಣ್ಣುಮಗಳನ್ನು ಆಡಲು ಬಿಟ್ಟ ಮನೆ. ಇದಿಷ್ಟೇ ಬಂಡವಾಳ.

ಖೋ ಖೋಗೂ ಫುಟ್ಬಾಲಿಗೂ ಏನು ಸಂಬಂಧ, ಅದನ್ನು ಆಡುವ ದೇಶಗಳೆಷ್ಟು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಫುಟ್ಬಾಲಿನ ಪೈಪೋಟಿ ಖೋ ಖೋದಲ್ಲಿ ಇಲ್ಲ, ಒಪ್ಪುತ್ತೇನೆ. ನಾನು ಹೇಳುತ್ತಿರುವುದು ಪದಕದ ತೂಕವನ್ನಲ್ಲ, ಮಗು ಆಟಗಾರ್ತಿಯಾಗುವ ದಾರಿಯನ್ನು. ಆ ದಾರಿ ಎಲ್ಲ ಆಟಕ್ಕೂ ಒಂದೇ. ಪಂಜಾಬಿನ ಹಳ್ಳಿಯ ಮನೀಷಾ ಕಲ್ಯಾಣ್ 2022ರಲ್ಲಿ ಸೈಪ್ರಸ್‌ನ ಕ್ಲಬ್ಬಿನ ಪರ ಆಡಿ, ಯೂರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದರು. ಅವರನ್ನು ಫುಟ್ಬಾಲಿಗೆ ಹಚ್ಚಿದ್ದು ಶಾಲೆಯ ದೈಹಿಕ ಶಿಕ್ಷಕರು. ಹೋದದ್ದು ಸೈಪ್ರಸ್ಸಿಗೆ, ನಿಜ. ಹೊರಟದ್ದು ಶಾಲೆಯ ಮೈದಾನದಿಂದ.

ಕುರುಬೂರಿನ ಹುಡುಗಿ ಗೆದ್ದು ಬಂದ ಮೇಲೆ ನಾವೇನು ಮಾಡಿದೆವು? ರಾಜ್ಯ ಸರ್ಕಾರ ಚೈತ್ರಾಗೂ ಗೌತಮ್‌ಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ, ಸರ್ಕಾರಿ ನೌಕರಿ ಎಂದಿತ್ತು. ಇಬ್ಬರೂ ನಮ್ಮ ಬಹುಮಾನವನ್ನು ಬೇಡವೆಂದರು. ಆಗ ನಮ್ಮ ಕಡೆ ಕೆಲವರು "ಈಗಿನ ಮಕ್ಕಳಿಗೆ ದುಡ್ಡಿನಾಸೆ" ಎಂದದ್ದನ್ನು ನಾನೇ ಕೇಳಿದ್ದೇನೆ. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಇದೇ ಸೀಮೆಯವರು; ಕುರುಬೂರಿನ ಬಯಲು, ಬಿಳಿಗೆರೆಯ ಬಯಲು ಅವರಿಗೆ ಭಾಷಣ ಬರೆದುಕೊಡುವವರು ಹೇಳಿ ತಿಳಿಯಬೇಕಾದ ಊರುಗಳಲ್ಲ. ಹಾಗಿದ್ದೂ ಹೀಗಾಯಿತು. ಬೇಡವೆನ್ನುವ ಧೈರ್ಯ ಮಾಡಿದ ಆ ಇಬ್ಬರು ಮಕ್ಕಳಿಗೆ ನಾನು ಕೈ ಮುಗಿಯುತ್ತೇನೆ. ಅವರು ತಿರಸ್ಕರಿಸಿದ್ದು ದುಡ್ಡನ್ನಲ್ಲ, ಬೆಲೆ ಕಟ್ಟಿದ ರೀತಿಯನ್ನು.

ಆದರೂ ಹೇಳುತ್ತೇನೆ, 5 ಲಕ್ಷವೋ 2 ಕೋಟಿಯೋ ಎಂಬ ಜಗಳವೂ ಒಂದರ್ಥದಲ್ಲಿ ತೆನೆಯ ಬಗೆಗಿನ ಜಗಳ. ಒಟ್ಲು ಸಾಕಿದವರ ಪಾಲು ಎಲ್ಲಿ? ಈ ವಿಷಯದಲ್ಲಿ ವ್ಯಾಪಾರವನ್ನೇ ಉಸಿರಾಡುವ ಫುಟ್ಬಾಲ್ ಲೋಕ ನಮಗಿಂತ ಪ್ರಾಮಾಣಿಕವಾಗಿದೆ. ಆಟಗಾರನೊಬ್ಬ ದುಡ್ಡಿಗೆ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದಾಗ ಆ ಮೊತ್ತದ 5 ಪ್ರತಿಶತ, ಅವನ 12ನೇ ವಯಸ್ಸಿನಿಂದ 23ರವರೆಗೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು ಎಂಬುದು ಫಿಫಾ ನಿಯಮ. ಕೋಟಿಗಟ್ಟಲೆ ವ್ಯವಹಾರದಲ್ಲೂ ಎಂದೋ ಒಂದು ಊರಿನ ಸಣ್ಣ ಕ್ಲಬ್ಬು ಹನ್ನೆರಡರ ಹುಡುಗನಿಗೆ ಕಲಿಸಿದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅಮೆರಿಕದ ಕ್ಲಬ್ಬುಗಳು ಬಹಳ ಕಾಲ ಈ ಪಾಲನ್ನು ಕೇಳಲೇ ಇಲ್ಲ, ಅವರಿಗೆ ಸಿಗುತ್ತಲೂ ಇರಲಿಲ್ಲ. ಅಲ್ಲಿ ಮಕ್ಕಳ ಕ್ಲಬ್ಬು ನಡೆಯುವುದು ಅಪ್ಪ ಅಮ್ಮ ಕಟ್ಟುವ ಸಾವಿರಾರು ಡಾಲರ್ ಫೀಸಿನಿಂದ. ಫೀಸು ಕಟ್ಟಲಾಗದ ಮನೆಯ ಮಗು ಬಯಲಿಗೇ ಬರುವುದಿಲ್ಲ. ಅಮೆರಿಕದ ರೋಗದ ಬೇರು ಇರುವುದು ಇಲ್ಲಿ. ಯೂರೋಪಿಗೆ ಎಷ್ಟು ಜನರನ್ನು ಕಳಿಸಿದರೂ ಆಯ್ಕೆಯಾಗುವುದು ಫೀಸು ಕಟ್ಟಬಲ್ಲವರ ನಡುವೆಯೇ.

ನಾವು ಅಮೆರಿಕದಿಂದ ಕಲಿತದ್ದು ಈ ರೋಗವನ್ನು. ಐದು ವರ್ಷದ ಮಗುವಿನ ಆಟಕ್ಕೂ ತಿಂಗಳ ಫೀಸು, ಆಟಕ್ಕೂ ಯೂನಿಫಾರ್ಮು, ಕೊನೆಗೆ ವಿದೇಶ ಪ್ರವಾಸದ ಪ್ಯಾಕೇಜು. ಬಿಳಿಗೆರೆಯ ಹುಡುಗ ಪೈಪೋಟಿ ಮಾಡಬೇಕಾದದ್ದು ಕಾಲಿನಲ್ಲಿ. ಆದರೆ ಮಾಡುತ್ತಿರುವುದು ಅಪ್ಪನ ಗದ್ದೆಯಲ್ಲಿ.

ಸಾಹಿತ್ಯ ಓದುವ ನಿಮಗೆ ಈ ರೋಗ ಹೊಸದಲ್ಲ. ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗಬೇಕಾದದ್ದೇ. ದೀಪಾ ಭಾಸ್ತಿಯವರ ಅನುವಾದ ಆ ಕಥೆಗಳನ್ನು ಲಂಡನ್ನಿಗೆ ಮುಟ್ಟಿಸಿತು. ಆದರೆ ಆ ಕಥೆಗಳು ಮೂವತ್ತು ವರ್ಷಗಳಿಂದ ಹಾಸನದಲ್ಲಿ ಕೂತು ಕನ್ನಡದಲ್ಲಿ ಬರೆದವು. ಬಂಡಾಯದ ಚಳವಳಿ, ಸಣ್ಣ ಪತ್ರಿಕೆಗಳು, ಬೈದ ಓದುಗರು, ಮೆಚ್ಚಿದ ಓದುಗರು, ಇವೆಲ್ಲ ಅವರ ಒಟ್ಲು. ಬೂಕರ್ ಬಂದ ಮರುದಿನ ಅಂಗಡಿಗೆ ಓಡಿದವರಲ್ಲಿ ಎಷ್ಟು ಜನ ಹಿಂದಿನ ದಿನದವರೆಗೆ ಅವರ ಒಂದು ಕಥೆ ಓದಿದ್ದೆವು? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಜನ ಬೇರೆಲ್ಲೂ ಇರಲಾರರು.

ಇದಕ್ಕೆ ಎದುರು ಉದಾಹರಣೆಯನ್ನೂ ನಾನೇ ಕೊಡುತ್ತೇನೆ. ಅನಂತಮೂರ್ತಿಯವರು 'ಸಂಸ್ಕಾರ' ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಸಂಶೋಧನೆಗೆ ಹೋಗಿದ್ದಾಗ. ಹೊರಗೆ ಹೋದದ್ದರಿಂದಲೇ ಆ ಕಾದಂಬರಿ ಹುಟ್ಟಿತು ಎಂದು ವಾದಿಸಬಹುದು. ನಾನು ಒಪ್ಪುತ್ತೇನೆ, ದೂರ ಹೋದಾಗ ಊರು ಬೇರೆಯಾಗಿ ಕಾಣುತ್ತದೆ. ಆದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು ಅವರು ಬರೆದದ್ದು ತೀರ್ಥಹಳ್ಳಿ ಕಡೆಯ ಅಗ್ರಹಾರವನ್ನು. ಜೊತೆಗೆ ಒಯ್ದದ್ದು ಏನೂ ಇಲ್ಲದಿದ್ದರೆ ಬರ್ಮಿಂಗ್‌ಹ್ಯಾಮ್ ಏನು ಕೊಡುತ್ತಿತ್ತು? ಹೊರಗೆ ಹೋಗಬೇಡಿ ಎನ್ನುವುದು ನನ್ನ ವಾದವೇ ಅಲ್ಲ. ಕೂಪಮಂಡೂಕದ ಪರವಾಗಿ ಬರೆಯಲು ನಾನು ಕೂತಿಲ್ಲ. ಪೈರಿಗೆ ನಾಟಿ ಬೇಕು. ಚೆನ್ನಾಗಿ ಆಡುವ ಹದಿನೆಂಟರ ಹುಡುಗನಿಗೆ ಜಪಾನಿನಲ್ಲೋ ಪೋರ್ಚುಗಲ್ಲಿನಲ್ಲೋ ಜಾಗ ಸಿಕ್ಕರೆ ಅವನು ಖಂಡಿತ ಹೋಗಲಿ. ಆದರೆ ಅಲ್ಲೂ ನೆನಪಿಡಿ, ನಮ್ಮ ಸುನಿಲ್ ಛೆಟ್ರಿಯಂಥವರೇ 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ, 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ 'ಬಿ' ತಂಡಕ್ಕೆ ಹೋದರು. ಎರಡು ಕಡೆಯೂ ಆಡಲು ಸಿಕ್ಕ ಅವಕಾಶ ತೀರಾ ಕಡಿಮೆ. ಅವರು ದೇಶದ ಪರ ಹೊಡೆದ ಗೋಲುಗಳ ರಾಶಿ ಬೆಳೆದದ್ದು ಇಲ್ಲಿ ಆಡುತ್ತಾ. ಹೊರಗಿನ ಬೆಂಚಿನ ಮೇಲೆ ಕೂತವನಿಗಿಂತ ಊರಿನ ಬಯಲಲ್ಲಿ ಆಡಿದವನು ಹೆಚ್ಚು ಕಲಿಯುತ್ತಾನೆ. ನನ್ನ ಅಳಿಯನನ್ನು ಕೇಳಿ, ಅವನೂ ಇದನ್ನೇ ಹೇಳುತ್ತಾನೆ.

ನಾನು ಕೇಳುವುದು ಬಹಳ ಇಲ್ಲ. ಹಿರಿಯ ಪ್ರಾಥಮಿಕ ಶಾಲೆ ಇರುವ ಪ್ರತಿ ಊರಿಗೂ ಒಂದು ಬಯಲು, ಟ್ಯಾಂಕು ಶಾಮಿಯಾನಗಳಿಂದ ಅದಕ್ಕೆ ರಕ್ಷಣೆ. ಆ ಬಯಲಿಗೆ ಒಬ್ಬ ದೈಹಿಕ ಶಿಕ್ಷಕ ಅಥವಾ ಶಿಕ್ಷಕಿ, ಕಾಯಂ ಸಂಬಳ, ವರ್ಷಕ್ಕೊಮ್ಮೆ ಅವರಿಗೇ ತರಬೇತಿ. ಹೊರಗೆ ಕಳಿಸುವುದಾದರೆ ಮೊದಲು ಇವರನ್ನು ಕಳಿಸಿ. ಹದಿನೈದು ದಿನ ಸ್ಪೇನಿಗೆ ಹೋಗಿ ಬಂದ ಹುಡುಗನೊಬ್ಬ ಹೆಚ್ಚೆಂದರೆ ತಾನು ಬದಲಾಗುತ್ತಾನೆ, ಹೋಗಿ ಬಂದ ಮೇಷ್ಟ್ರು ಮೂವತ್ತು ವರ್ಷ ಸಾವಿರಾರು ಮಕ್ಕಳಿಗೆ ಕಲಿಸುತ್ತಾರೆ. ಗೆದ್ದವರಿಗೆ ಬಹುಮಾನ ಕೊಡುವಾಗ ಅವರ ಮೊದಲ ಶಾಲೆಗೂ ಮೊದಲ ಕೋಚ್‌ಗೂ ಒಂದು ಪಾಲು. ಫಿಫಾದ 5 ಪ್ರತಿಶತವೇ ಇರಲಿ, ಸಾಕು. ಮತ್ತು ಹದಿನಾಲ್ಕರವರೆಗಾದರೂ ಯಾವ ಮಗುವಿನ ಆಟಕ್ಕೂ ಫೀಸು ಇರಕೂಡದು.

ಇಷ್ಟು ಮಾಡಿದರೆ ಭಾರತ ವಿಶ್ವಕಪ್ ಆಡುತ್ತದೆಯೇ? ನನ್ನ ವಿದ್ಯಾರ್ಥಿಗೆ ನಾನು ಪ್ರಾಮಾಣಿಕವಾಗಿ ಹೇಳಿದೆ: ಗ್ಯಾರಂಟಿ ಇಲ್ಲಪ್ಪ, ಬಿತ್ತಿದವನಿಗೆ ಮಳೆಯ ಗ್ಯಾರಂಟಿಯೂ ಇರುವುದಿಲ್ಲ. ಆದರೆ ಇದನ್ನು ಮಾಡದಿದ್ದರೆ ಎಷ್ಟು ವಿಮಾನ ಹತ್ತಿಸಿದರೂ ಆಡುವುದಿಲ್ಲ ಎಂಬುದಕ್ಕೆ ಗ್ಯಾರಂಟಿ ಇದೆ.

ಭೋಗ್ಯದ ಅವಧಿ ಮುಗಿದು ಭಾವನ ಗದ್ದೆ ಈ ವರ್ಷ ಕೈಗೆ ಬಂತು. ಹೋದ ಭಾನುವಾರ ನಾನು ಹೋದಾಗ ಅಪ್ಪ ಮಗ ಇಬ್ಬರೂ ಗದ್ದೆಯಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಬಂದ ಹುಡುಗ ನಿದ್ದೆಗಣ್ಣಲ್ಲೇ ಮಡಿಗೆ ಗೊಬ್ಬರ ಚೆಲ್ಲುತ್ತಿದ್ದ. ಏನೋ ಇಷ್ಟು ಬೇಗ ಎಂದು ಕೇಳಿದೆ.

"ನಾಲೇಲಿ ನೀರು ಬುಡ್ತಾರಂತೆ ಮಾವ. ಅಷ್ಟ್ರಲ್ಲಿ ಒಟ್ಲು ರೆಡಿ ಇರ್ಬೇಕಲ್ಲ" ಅಂದ.